ವಿಶ್ವವಿದ್ಯಾಲಯದ ಸಿಬ್ಬಂದಿ ಆರೋಗ್ಯ ಕಾರ್ಯಕ್ರಮ: ವಿಸ್ತರಣೆ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ಸಿಬ್ಬಂದಿ ವಿಭಾಗದಲ್ಲಿ ಅಧಿಕಾರಿ. ಬೋಧಕರು, ಬೋಧಕೇತರರು ಸೇರಿ ಸುಮಾರು ಮೂರು ಸಾವಿರ ಮಂದಿ ನಮ್ಮಲ್ಲಿದ್ದಾರೆ. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ಬೆಳಗಿನ ವ್ಯಾಯಾಮ ತರಗತಿ, ಹೆಜ್ಜೆ ಎಣಿಸುವ ಸ್ಪರ್ಧೆ, ಆಗಾಗ ಒತ್ತಡ ನಿರ್ವಹಣೆಯ ಉಪನ್ಯಾಸ, ಇಷ್ಟು ನಡೆಯುತ್ತಿವೆ. ಬರುವವರು ಹೆಚ್ಚಾಗಿ ಅದೇ ಜನ. ಈಗ ಆಡಳಿತ ಮಂಡಳಿ ಕಾರ್ಯಕ್ರಮವನ್ನು ವಿಸ್ತರಿಸಲು ಒಪ್ಪಿ ಪ್ರಸ್ತಾವ ಕೇಳಿದೆ. ಹೊಸದಾಗಿ ಏನನ್ನು ಸೇರಿಸಬೇಕು? ಪಾಲ್ಗೊಂಡವರಿಗೆ ಬಹುಮಾನ ಅಥವಾ ವಿಮಾ ಕಂತಿನಲ್ಲಿ ರಿಯಾಯಿತಿ ಕೊಡಬಹುದೇ? ಕಂಪನಿಯೊಂದು ಆರೋಗ್ಯ ಆ್ಯಪ್ ಮಾರಲು ಮುಂದೆ ಬಂದಿದೆ, ಕೊಳ್ಳುವುದು ಸರಿಯೇ? ಎರಡು ವರ್ಷದಲ್ಲಿ ಫಲಿತಾಂಶ ತೋರಿಸಬೇಕಂತೆ, ಏನನ್ನು ಅಳೆಯಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಪ್ರಶ್ನೆಯ ರೂಪದಲ್ಲಿಲ್ಲದ ಒಂದು ವಾಕ್ಯ: ಬರುವವರು ಹೆಚ್ಚಾಗಿ ಅದೇ ಜನ. ನೀವು ಕೇಳಿರುವ ನಾಲ್ಕೂ ಪ್ರಶ್ನೆಗಳ ಉತ್ತರ ಈ ವಾಕ್ಯಕ್ಕೆ ಅಂಟಿಕೊಂಡಿದೆ. ಹೊಸ ತರಗತಿ, ಹೊಸ ಸ್ಪರ್ಧೆ, ಹೊಸ ಶಿಬಿರ ಎಂದು ಸೇರಿಸುತ್ತ ಹೋದರೆ ಈಗಾಗಲೇ ಬರುತ್ತಿರುವವರಿಗೆ ಇನ್ನಷ್ಟು ಅನುಕೂಲವಾಗುತ್ತದೆ, ಬಾರದವರು ಹೊರಗೇ ಉಳಿಯುತ್ತಾರೆ. ಆದ್ದರಿಂದ ನಿಮ್ಮ ಪ್ರಸ್ತಾವದಲ್ಲಿ ವಿಸ್ತರಣೆ ಎಂದರೆ ಎರಡೇ ಕೆಲಸಗಳು ಎಂದು ಆರಂಭದಲ್ಲೇ ಹೇಳಿಬಿಡಿ: ಈವರೆಗೆ ತಲುಪದ ನೌಕರರನ್ನು ತಲುಪುವುದು, ಮತ್ತು ಆರೋಗ್ಯ ಕೆಡುವುದಕ್ಕೆ ಕಾರಣವಾಗುತ್ತಿರುವ ಕೆಲಸದ ಏರ್ಪಾಡುಗಳನ್ನೇ ಕಾರ್ಯಕ್ರಮದ ವ್ಯಾಪ್ತಿಯೊಳಗೆ ತರುವುದು.

ಹೀಗೆ ಹೇಳಲು ಆಧಾರವಿದೆ, ಅದೂ ಒಂದು ವಿಶ್ವವಿದ್ಯಾಲಯದ ಒಳಗಿನಿಂದಲೇ ಬಂದದ್ದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಕ್ಯಾಂಪಸ್ಸಿನಲ್ಲಿ 2016ರಲ್ಲಿ ಸುಮಾರು 4,800 ನೌಕರರನ್ನು ಚೀಟಿ ಎತ್ತುವಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಪಾಸಣೆ, ಆರೋಗ್ಯ ಪ್ರಶ್ನಾವಳಿ, ಚಟುವಟಿಕೆ ತರಗತಿಗಳನ್ನು ಒಳಗೊಂಡ ಕಾರ್ಯಕ್ರಮಕ್ಕೆ ಸೇರುವ ಅವಕಾಶ ನೀಡಲಾಯಿತು. ಭಾಗವಹಿಸಿದವರಿಗೆ ಹಣದ ಪ್ರೋತ್ಸಾಹವೂ ಇತ್ತು. ಮೊದಲ ವರ್ಷದ ಕೊನೆಗೆ ವೈದ್ಯಕೀಯ ವೆಚ್ಚದಲ್ಲಾಗಲಿ, ರಜೆಯ ದಿನಗಳಲ್ಲಾಗಲಿ, ವ್ಯಾಯಾಮಶಾಲೆಗೆ ಹೋಗುವ ಅಭ್ಯಾಸದಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಪಾಸಣೆ ಮಾಡಿಸಿಕೊಂಡವರ ಸಂಖ್ಯೆ ಏರಿತು, ಸಂಸ್ಥೆ ತಮ್ಮ ಆರೋಗ್ಯಕ್ಕೆ ಬೆಲೆ ಕೊಡುತ್ತದೆ ಎಂಬ ಭಾವನೆ ಬಲವಾಯಿತು, ಅಷ್ಟೇ. ಇನ್ನೂ ಬೋಧಪ್ರದವಾದ ಅಂಶವೆಂದರೆ, ಸೇರಿಕೊಂಡವರು ಕಾರ್ಯಕ್ರಮ ಆರಂಭವಾಗುವ ಮೊದಲೇ ಸೇರದವರಿಗಿಂತ ಕಡಿಮೆ ವೈದ್ಯಕೀಯ ವೆಚ್ಚದವರಾಗಿದ್ದರು. ಸೇರಿದವರನ್ನೂ ಸೇರದವರನ್ನೂ ನೇರವಾಗಿ ಹೋಲಿಸಿದ್ದರೆ ಕಾರ್ಯಕ್ರಮ ಅದ್ಭುತವಾಗಿ ಯಶಸ್ವಿಯಾಯಿತೆಂದು ವರದಿ ಬರೆಯಬಹುದಿತ್ತು, ಮತ್ತು ಆ ವರದಿ ತಪ್ಪಾಗಿರುತ್ತಿತ್ತು.

ಈ ತಪ್ಪು ಅಪರೂಪದ್ದೇನಲ್ಲ. ಅಮೆರಿಕದ ಆರೋಗ್ಯ ಅರ್ಥಶಾಸ್ತ್ರಜ್ಞೆ ಕ್ಯಾಥರೀನ್ ಬೈಕರ್ ಮತ್ತು ಸಂಗಡಿಗರು 2010ರಲ್ಲಿ ಅಂದಿನವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಆರೋಗ್ಯ ಕಾರ್ಯಕ್ರಮಕ್ಕೆ ಹಾಕಿದ ಪ್ರತಿ ಡಾಲರಿಗೆ ವೈದ್ಯಕೀಯ ವೆಚ್ಚದಲ್ಲಿ ಸುಮಾರು 3.27 ಡಾಲರ್ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದರು. ಆ ಅಂಕಿಯನ್ನು ಮಾರಾಟಗಾರರು ಇಂದಿಗೂ ಉದ್ಧರಿಸುತ್ತಾರೆ. ಆದರೆ ಅದೇ ಬೈಕರ್, ಝಿರುಯಿ ಸಾಂಗ್ ಅವರೊಂದಿಗೆ ದೊಡ್ಡ ಅಂಗಡಿ ಸರಣಿಯೊಂದರ ಸುಮಾರು 33,000 ನೌಕರರ ಮೇಲೆ ಯಾದೃಚ್ಛಿಕ ಪ್ರಯೋಗ ನಡೆಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಇತ್ತು. 18 ತಿಂಗಳ ನಂತರ ಕೆಲವು ಅಭ್ಯಾಸಗಳು ಸುಧಾರಿಸಿವೆ ಎಂದು ನೌಕರರು ಹೇಳಿಕೊಂಡರು. ರಕ್ತದೊತ್ತಡ, ಕೊಲೆಸ್ಟ್ರಾಲ್, ತೂಕ, ವೆಚ್ಚ, ಗೈರುಹಾಜರಿ ಯಾವುದರಲ್ಲೂ ಗಣನೀಯ ಬದಲಾವಣೆ ಇರಲಿಲ್ಲ. ಉಳಿತಾಯದ ಆಸೆ ತೋರಿಸಿ ಮಂಡಳಿಯ ಒಪ್ಪಿಗೆ ಪಡೆಯಬೇಡಿ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಎರಡು ವರ್ಷದ ನಂತರ ಆ ಉಳಿತಾಯ ಕಾಣದಿದ್ದಾಗ ಕಾರ್ಯಕ್ರಮದ ಒಳ್ಳೆಯ ಭಾಗಗಳಿಗೂ ಕತ್ತರಿ ಬೀಳುತ್ತದೆ.

ಹಾಗಾದರೆ ಮೊದಲ ಕೆಲಸ, ಯಾರು ಬರುತ್ತಿಲ್ಲ ಎಂಬ ಪಟ್ಟಿ. ಕಳೆದ ಒಂದೆರಡು ವರ್ಷಗಳ ಹಾಜರಾತಿಯನ್ನು ಹುದ್ದೆ, ವಿಭಾಗ, ಪಾಳಿ, ನೇಮಕಾತಿಯ ಬಗೆ, ಕ್ಯಾಂಪಸ್ ಎಂಬ ಐದು ಕಲಮುಗಳಲ್ಲಿ ಒಟ್ಟು ಸಿಬ್ಬಂದಿಯ ಸಂಖ್ಯೆಯ ಎದುರಿಗಿಟ್ಟು ನೋಡಿ. ವ್ಯಕ್ತಿಗಳ ಹೆಸರು ಬೇಕಾಗಿಲ್ಲ. ವಿಶ್ವವಿದ್ಯಾಲಯ ಎಂಬುದು ಒಂದೇ ಬಗೆಯ ನೌಕರರ ಸಂಸ್ಥೆಯಲ್ಲ. ಒಂದೇ ಆವರಣದಲ್ಲಿ ಪ್ರಾಧ್ಯಾಪಕರು, ಪ್ರಯೋಗಾಲಯ ಸಹಾಯಕರು, ಗ್ರಂಥಾಲಯ ಸಿಬ್ಬಂದಿ, ರಾತ್ರಿ ಕಾವಲಿನವರು, ಬೆಳಕು ಹರಿಯುವ ಮುನ್ನ ತರಗತಿ ಕೋಣೆಗಳನ್ನು ಗುಡಿಸಿ ಮುಗಿಸುವವರು, ತೋಟದ ಕೆಲಸದವರು, ಗಂಟೆಯ ಲೆಕ್ಕದಲ್ಲಿ ಪಾಠ ಮಾಡಿ ಮತ್ತೊಂದು ಕಾಲೇಜಿಗೆ ಓಡುವ ಅರೆಕಾಲಿಕ ಬೋಧಕರು, ಸಂಬಳದ ಪಟ್ಟಿಯಲ್ಲಿ ನೌಕರರೋ ವಿದ್ಯಾರ್ಥಿಗಳೋ ಎಂದು ಸ್ಪಷ್ಟವಾಗದ ಸಂಶೋಧಕರು ಇರುತ್ತಾರೆ. ಬೆಳಗಿನ ವ್ಯಾಯಾಮ ತರಗತಿ ಮತ್ತು ಮಧ್ಯಾಹ್ನದ ಉಪನ್ಯಾಸ ಇವರಲ್ಲಿ ತಮ್ಮ ದಿನವನ್ನು ತಾವೇ ಹೊಂದಿಸಿಕೊಳ್ಳಬಲ್ಲವರಿಗೆ ಮಾತ್ರ ಒದಗುತ್ತದೆ. ಪಾಳಿಯಲ್ಲಿರುವ ಕಾವಲುಗಾರ ಬಾರದಿರುವುದಕ್ಕೆ ನಿರಾಸಕ್ತಿ ಕಾರಣವೆಂದು ಯಾರಾದರೂ ನಿಮ್ಮ ಸಭೆಯಲ್ಲಿ ಹೇಳಿದರೆ, ಆತನ ಜಾಗದಲ್ಲಿ ಆ ಅರ್ಧ ಗಂಟೆ ಯಾರು ನಿಲ್ಲುತ್ತಾರೆಂದು ಕೇಳಿ.

ಆದ್ದರಿಂದ ಹೊಸ ಹಣದ ಮೊದಲ ಭಾಗ ಹೋಗಬೇಕಾದದ್ದು ಬಿಡುವಿನ ಸಮಯಕ್ಕೆ. ಕೆಲಸದ ವೇಳೆಯಲ್ಲಿ, ಸಂಬಳ ಕಡಿತವಿಲ್ಲದೆ, ವರ್ಷಕ್ಕೆ ಇಷ್ಟು ಗಂಟೆ ಆರೋಗ್ಯಕ್ಕಾಗಿ ಎಂದು ನಿಯಮದಲ್ಲೇ ಬರೆದು, ಪಾಳಿಯ ಕೆಲಸಗಳಲ್ಲಿ ಬದಲಿ ವ್ಯಕ್ತಿಗೆ ಹಣ ಮೀಸಲಿಡಿ. ತಪಾಸಣೆಯನ್ನು ಆಡಳಿತ ಕಟ್ಟಡದಿಂದ ಹೊರತೆಗೆದು ನಿರ್ವಹಣಾ ವಿಭಾಗದ ಶೆಡ್ಡಿಗೆ, ವಿದ್ಯಾರ್ಥಿ ನಿಲಯದ ಅಡುಗೆಮನೆಯ ಬಳಿಗೆ, ಪಾಳಿ ಬದಲಾಗುವ ಹೊತ್ತಿಗೆ ಒಯ್ಯಿರಿ. ಸ್ವಚ್ಛತೆ, ಕಾವಲು, ಊಟದ ವ್ಯವಸ್ಥೆಗಳು ಹೊರಗುತ್ತಿಗೆಯಲ್ಲಿದ್ದರೆ ಆ ಕೆಲಸಗಾರರು ನಿಮ್ಮ ಮೂರು ಸಾವಿರದ ಲೆಕ್ಕದಲ್ಲೇ ಇಲ್ಲದಿರಬಹುದು. ಅವರನ್ನು ಒಳಗೊಳ್ಳಲು ಖಚಿತವಾದ ದಾರಿ ಗುತ್ತಿಗೆಯ ಕರಾರಿನಲ್ಲೇ ಆರೋಗ್ಯ ಸೌಲಭ್ಯ ಮತ್ತು ಬಿಡುವಿನ ಷರತ್ತನ್ನು ಸೇರಿಸುವುದು. ಸದ್ಭಾವನೆಯ ಮೇಲೆ ಬಿಟ್ಟರೆ ಅದು ಮೊದಲ ತಿಂಗಳಿಗೇ ಮುಗಿಯುತ್ತದೆ.

ಎರಡನೆಯದು ಕೆಲಸದ ಏರ್ಪಾಡು, ಮತ್ತು ನನ್ನ ಅಭಿಪ್ರಾಯದಲ್ಲಿ ನಿಮ್ಮ ಪ್ರಸ್ತಾವದ ತಿರುಳು ಇದೇ. ಕೆಲಸದ ಒತ್ತಾಯ ಹೆಚ್ಚಿದ್ದು, ಅದನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಕಡಿಮೆಯಿದ್ದರೆ ಒತ್ತಡ ರೋಗವಾಗಿ ಮಾರ್ಪಡುತ್ತದೆ ಎಂಬ ವಿವರಣೆಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲೇ ಮುಂದಿಟ್ಟರು. ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ 1985ರಿಂದ ಲಂಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ಹಿಂಬಾಲಿಸಿದ ಎರಡನೆಯ ವೈಟ್‌ಹಾಲ್ ಅಧ್ಯಯನ, ಕೆಲಸದ ಮೇಲೆ ಹಿಡಿತ ಕಡಿಮೆ ಇರುವವರಲ್ಲಿ ಹೃದ್ರೋಗ ಹೆಚ್ಚೆಂದು ತೋರಿಸಿತು. ಅವರೆಲ್ಲ ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರು, ಗಣಿ ಕಾರ್ಮಿಕರಲ್ಲ ಎಂಬುದನ್ನು ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ವೃತ್ತಿ ಬಳಲಿಕೆಯನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದು ಗುರುತಿಸಿದೆ. 2022ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆ ಹೊರತಂದ ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಮಾರ್ಗಸೂಚಿಯಲ್ಲಿ ಕೆಲಸದ ಏರ್ಪಾಡಿನ ಸುಧಾರಣೆಗೂ ಮೇಲಧಿಕಾರಿಗಳ ತರಬೇತಿಗೂ ಸ್ಪಷ್ಟ ಸ್ಥಾನವಿದೆ.

ಇದಕ್ಕೆದುರಾಗಿ ನಿಮ್ಮ ಒತ್ತಡ ನಿರ್ವಹಣೆಯ ಉಪನ್ಯಾಸಗಳನ್ನಿಟ್ಟು ನೋಡಿ. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳಿದ್ದವು. ಕಷ್ಟವನ್ನು ತಾಳಿಕೊಳ್ಳುವ ಶಕ್ತಿ ಬೆಳೆಸುವ ತರಬೇತಿ, ಧ್ಯಾನ, ನಿದ್ರೆಯ ಆ್ಯಪ್ ಮೊದಲಾದವುಗಳಲ್ಲಿ ಪಾಲ್ಗೊಂಡವರ ಮನಸ್ಸಿನ ನೆಮ್ಮದಿ ಪಾಲ್ಗೊಳ್ಳದವರಿಗಿಂತ ಉತ್ತಮವಾಗಿರಲಿಲ್ಲ. ಸ್ವಯಂಸೇವೆಯ ಅವಕಾಶ ಮಾತ್ರ ಇದಕ್ಕೆ ಅಪವಾದವಾಗಿತ್ತು. ಇಂಥ ಸಮೀಕ್ಷೆಯಿಂದ ಕಾರಣ-ಪರಿಣಾಮ ಸಿದ್ಧವಾಗುವುದಿಲ್ಲ, ಹಾಗೂ ಧ್ಯಾನದಿಂದ ಯಾರಿಗೂ ಉಪಯೋಗವಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೂ, ಮೌಲ್ಯಮಾಪನದ ವಾರದಲ್ಲಿ ಮುನ್ನೂರು ಉತ್ತರ ಪತ್ರಿಕೆಗಳ ಮುಂದೆ ಕುಳಿತ ಅಧ್ಯಾಪಕಿಗೆ ಉಸಿರಾಟದ ವ್ಯಾಯಾಮ ಕಲಿಸಿ, ಪತ್ರಿಕೆಗಳ ಸಂಖ್ಯೆಯನ್ನೂ ಗಡುವನ್ನೂ ಹಾಗೇ ಬಿಟ್ಟರೆ, ಕಾರ್ಯಕ್ರಮದ ಬಗ್ಗೆ ಆಕೆಯಲ್ಲಿ ಹುಟ್ಟುವುದು ಕೃತಜ್ಞತೆಯಂತೂ ಆಗಿರಲಾರದು.

ವಿಶ್ವವಿದ್ಯಾಲಯದ ಒತ್ತಡಕ್ಕೆ ತನ್ನದೇ ಋತುಮಾನವಿದೆ. ಪ್ರವೇಶ, ಪರೀಕ್ಷೆ, ಮೌಲ್ಯಮಾಪನ, ಫಲಿತಾಂಶ, ಮಾನ್ಯತಾ ಸಮಿತಿಯ ಭೇಟಿ, ಅನುದಾನದ ಅರ್ಜಿಯ ಕೊನೆಯ ದಿನ, ಇವು ಮುಂಚಿತವಾಗಿಯೇ ಗೊತ್ತಿರುವಂಥವು. ಒಂದು ಹಾಳೆಯ ಮೇಲೆ ಹನ್ನೆರಡು ತಿಂಗಳನ್ನು ಬರೆದು, ಪರೀಕ್ಷಾ ವಿಭಾಗ, ಲೆಕ್ಕಪತ್ರ ವಿಭಾಗ, ಬೋಧನಾ ವಿಭಾಗಗಳ ಮೇಲೆ ಯಾವ ವಾರಗಳಲ್ಲಿ ಎರಡು ಮೂರು ಗಡುವುಗಳು ಒಟ್ಟಿಗೆ ಬೀಳುತ್ತವೆಂದು ಗುರುತಿಸಿದರೆ, ಅವುಗಳಲ್ಲಿ ಕೆಲವನ್ನಾದರೂ ಯಾವ ಖರ್ಚೂ ಇಲ್ಲದೆ ಸರಿಸಬಹುದು. ರಾತ್ರಿ ಮತ್ತು ರಜಾದಿನಗಳಲ್ಲಿ ಉತ್ತರ ನಿರೀಕ್ಷಿಸುವ ಇ-ಮೇಲ್‌ಗಳು, ವಾಟ್ಸ್‌ಆ್ಯಪ್ ಗುಂಪಿನ ಆದೇಶಗಳು ಇದೇ ಹಾಳೆಯ ಇನ್ನೊಂದು ಮಗ್ಗುಲು. ಬ್ರಿಟನ್ನಿನ ಕೆಲಸದ ಸ್ಥಳದ ಸುರಕ್ಷತಾ ಪ್ರಾಧಿಕಾರ 2004ರಲ್ಲಿ ರೂಪಿಸಿದ ಮಾನದಂಡಗಳು ಕೆಲಸದ ಒತ್ತಾಯ, ಹಿಡಿತ, ಬೆಂಬಲ, ಸಂಬಂಧಗಳು, ಪಾತ್ರದ ಸ್ಪಷ್ಟತೆ, ಬದಲಾವಣೆಯ ನಿರ್ವಹಣೆ ಎಂಬ ಆರು ವಿಷಯಗಳನ್ನು ನೋಡುತ್ತವೆ, ಮತ್ತು ಅದಕ್ಕೆ ಹೊಂದಿದ 35 ಪ್ರಶ್ನೆಗಳ ಸಮೀಕ್ಷೆಯೂ ಇದೆ. ಹೊಸ ಪ್ರಶ್ನಾವಳಿಯನ್ನು ಸಮಿತಿಯಲ್ಲಿ ಕುಳಿತು ರಚಿಸುವ ಉತ್ಸಾಹ ವಿಶ್ವವಿದ್ಯಾಲಯಗಳಲ್ಲಿ ಸಹಜವಾಗಿಯೇ ಹೆಚ್ಚು. ಅದನ್ನು ತಡೆದು, ಈಗಾಗಲೇ ಬಳಕೆಯಲ್ಲಿರುವುದನ್ನೇ ತೆಗೆದುಕೊಳ್ಳಿ.

ಈ ಆರರಲ್ಲಿ ಬೆಂಬಲ ಮತ್ತು ಸಂಬಂಧಗಳು ಬಹುಮಟ್ಟಿಗೆ ವಿಭಾಗ ಮುಖ್ಯಸ್ಥರ ಕೈಯಲ್ಲಿವೆ. ಕಾರ್ಖಾನೆಯ ಮೇಲ್ವಿಚಾರಕನಿಗೂ ವಿಭಾಗ ಮುಖ್ಯಸ್ಥರಿಗೂ ಇರುವ ವ್ಯತ್ಯಾಸವೇನೆಂದರೆ, ಮುಖ್ಯಸ್ಥರು ಹಲವೆಡೆ ಸರದಿಯ ಮೇಲೆ ಆ ಕುರ್ಚಿಗೆ ಬಂದವರು, ತಮ್ಮ ಶಾಸ್ತ್ರದಲ್ಲಿ ವಿದ್ವಾಂಸರು, ಜನರನ್ನು ನಡೆಸಿಕೊಳ್ಳುವ ಬಗ್ಗೆ ಒಂದು ದಿನದ ತರಬೇತಿಯನ್ನೂ ಪಡೆಯದವರು. ನೌಕರನೊಬ್ಬ ಸತತವಾಗಿ ತಡವಾಗಿ ಬರತೊಡಗಿದಾಗ ಅದನ್ನು ಶಿಸ್ತಿನ ವಿಷಯವೆಂದು ನೋಡಬೇಕೋ ಆರೋಗ್ಯದ ಸೂಚನೆಯೆಂದು ನೋಡಬೇಕೋ, ದೀರ್ಘ ಅನಾರೋಗ್ಯದ ರಜೆಯಿಂದ ಮರಳಿದವರಿಗೆ ಮೊದಲ ತಿಂಗಳು ಎಷ್ಟು ಕೆಲಸ ಹಂಚಬೇಕು, ಆಪ್ತಸಮಾಲೋಚಕರ ಬಳಿ ಕಳಿಸುವ ಮಾತನ್ನು ಅವಮಾನವೆನಿಸದಂತೆ ಹೇಗೆ ಎತ್ತಬೇಕು ಎಂಬುದು ಕಲಿಸಬಹುದಾದ ವಿದ್ಯೆ. ಸಂಶೋಧನಾ ಮಾರ್ಗದರ್ಶಕರಿಗೂ ಇದು ಅಷ್ಟೇ ಅಗತ್ಯ, ಏಕೆಂದರೆ ಅವರ ಕೈಕೆಳಗಿನ ಯುವ ಸಂಶೋಧಕರ ಸಂಬಳ, ಪದವಿ, ಶಿಫಾರಸು ಪತ್ರ ಮೂರೂ ಒಬ್ಬರದೇ ಸಹಿಯನ್ನು ಅವಲಂಬಿಸಿರುತ್ತವೆ. ಒಂದೇ ಒಂದು ಹೊಸ ತರಬೇತಿಗೆ ಹಣವಿದ್ದರೆ ಅದನ್ನು ನೌಕರರಿಗಲ್ಲ, ಇವರಿಗೆ ಕೊಡಿ.

ದೇಹಕ್ಕೆ ಸಂಬಂಧಿಸಿದ ವಿಷಯಗಳನ್ನು ಚಿಕ್ಕದಾಗಿ ಹೇಳುತ್ತೇನೆ. ತಪಾಸಣೆ ಇರಲಿ, ಆದರೆ ತಪಾಸಣೆಯ ನಂತರ ಏನಾಗುತ್ತದೆಂಬುದು ಮುಖ್ಯ. ರಕ್ತದೊತ್ತಡ ಅಥವಾ ಸಕ್ಕರೆ ಅಂಶ ಹೆಚ್ಚಿದೆಯೆಂದು ಚೀಟಿ ಕೊಟ್ಟು ಕಳಿಸುವುದರ ಬದಲು, ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ಔಷಧ, ಪಥ್ಯ, ಮರುಪರೀಕ್ಷೆಗಳನ್ನು ವಿಚಾರಿಸುವ ಒಬ್ಬ ದಾದಿಯನ್ನು ನೇಮಿಸಿಕೊಳ್ಳಿ. ಪೆಪ್ಸಿಕೋ ಕಂಪನಿಯ ಏಳು ವರ್ಷಗಳ ದಾಖಲೆಯನ್ನು ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯವರು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದಾಗ, ಕಂಡುಬಂದ ಉಳಿತಾಯದಲ್ಲಿ ಶೇ. 87ರಷ್ಟು ಈಗಾಗಲೇ ದೀರ್ಘಕಾಲದ ಕಾಯಿಲೆ ಇದ್ದವರನ್ನು ನೋಡಿಕೊಂಡ ಭಾಗದಿಂದ ಬಂದಿತ್ತು. ಜೀವನಶೈಲಿಯ ಭಾಗ ಹಾಕಿದ ಹಣವನ್ನೂ ಮರಳಿಸಿರಲಿಲ್ಲ. ಅದು ಯಾದೃಚ್ಛಿಕ ಪ್ರಯೋಗವಲ್ಲವಾದ್ದರಿಂದ ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ, ಆದರೂ ದಿಕ್ಕು ಸ್ಪಷ್ಟವಿದೆ. ಉಳಿದಂತೆ, ವೃತ್ತಿಯಿಂದಲೇ ಬರುವ ತೊಂದರೆಗಳನ್ನು ಮೂಲದಲ್ಲೇ ಸರಿಪಡಿಸಿ. ಬೋಧಕರಲ್ಲಿ ಧ್ವನಿಯ ತೊಂದರೆ ಇತರ ವೃತ್ತಿಗಳವರಿಗಿಂತ ಹೆಚ್ಚು, ಆದ್ದರಿಂದ ದೊಡ್ಡ ತರಗತಿ ಕೋಣೆಗಳಲ್ಲಿ ಸರಿಯಾಗಿ ಕೆಲಸ ಮಾಡುವ ಮೈಕ್ ಒಂದು ಆರೋಗ್ಯ ಸಾಧನವೇ. ಸ್ವಚ್ಛತಾ ಸಿಬ್ಬಂದಿಗೆ ಕಡಿಮೆ ಘಾಟಿನ ದ್ರಾವಣಗಳು, ಉದ್ದ ಹಿಡಿಕೆಯ ಸಲಕರಣೆಗಳು. ಪ್ರಯೋಗಾಲಯಕ್ಕೆ ಪರೀಕ್ಷಿಸಿದ ಗಾಳಿಯಾಟ. ಗಣಕಯಂತ್ರದ ಮುಂದೆ ದಿನವಿಡೀ ಕುಳಿತವರಿಗೆ ಎತ್ತರ ಸರಿಹೊಂದುವ ಕುರ್ಚಿ ಮತ್ತು ಪರದೆ. ಇವೆಲ್ಲ ಈಗ ಕಾಮಗಾರಿ ವಿಭಾಗದ ಕಡತಗಳಲ್ಲಿರುತ್ತವೆ, ನಿಮ್ಮ ಕಾರ್ಯಕ್ರಮದ ಕಡತಕ್ಕೆ ಬರಬೇಕು.

ಆಪ್ತಸಮಾಲೋಚನೆಯನ್ನು ವಿಸ್ತರಿಸುವುದಾದರೆ ಗೌಪ್ಯತೆಯೇ ಮೊದಲ ಷರತ್ತು. ವಿದ್ಯಾರ್ಥಿಗಳ ಸಮಾಲೋಚನಾ ಕೇಂದ್ರಕ್ಕೇ ಸಿಬ್ಬಂದಿಯನ್ನೂ ಕಳಿಸುವ ಉಳಿತಾಯದ ಯೋಚನೆ ಬೇಡ. ತನ್ನ ವಿದ್ಯಾರ್ಥಿ ಕಾಯುತ್ತಿರುವ ಬೆಂಚಿನ ಮೇಲೆ ಅಧ್ಯಾಪಕ ಬಂದು ಕೂರುವುದಿಲ್ಲ. ಮನಶ್ಶಾಸ್ತ್ರ ವಿಭಾಗದ ಸಹೋದ್ಯೋಗಿಯ ಮುಂದೆ ಮನಸ್ಸು ಬಿಚ್ಚುವುದೂ ಇಲ್ಲ. ಹೊರಗಿನ ಸೇವೆಯನ್ನು ಗೊತ್ತುಮಾಡಿ, ಸಂಸ್ಥೆಗೆ ಬರುವುದು ಒಟ್ಟು ಸಂಖ್ಯೆಗಳು ಮಾತ್ರ ಎಂದು ಒಪ್ಪಂದದಲ್ಲಿ ಬರೆಸಿ, ಆ ವಾಕ್ಯವನ್ನು ನೌಕರರಿಗೆ ಯಥಾವತ್ತಾಗಿ ಓದಲು ಕೊಡಿ. ಕುಟುಂಬದವರಿಗೂ ಅದೇ ಸೇವೆ ದೊರೆತರೆ ಮೊದಲ ಕರೆ ಅನೇಕ ವೇಳೆ ಮನೆಯವರಿಂದ ಬರುತ್ತದೆ.

ಬಹುಮಾನ ಮತ್ತು ರಿಯಾಯಿತಿಯ ವಿಷಯದಲ್ಲಿ ನನ್ನ ಉತ್ತರ: ಸಣ್ಣ ಬಹುಮಾನ ಪರವಾಗಿಲ್ಲ, ವಿಮಾ ಕಂತಿಗೆ ಕೈಹಾಕಬೇಡಿ. ರಿಯಾಯಿತಿ ಎಂದು ಆರಂಭವಾದದ್ದು ಅದನ್ನು ಪಡೆಯದವರ ಪಾಲಿಗೆ ದಂಡವೇ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯ 2013ರಲ್ಲಿ, ಆನ್‌ಲೈನ್ ಆರೋಗ್ಯ ಪ್ರಶ್ನಾವಳಿ ತುಂಬಿ ತಪಾಸಣೆ ಮಾಡಿಸಿಕೊಳ್ಳದ ನೌಕರರಿಂದ ತಿಂಗಳಿಗೆ 100 ಡಾಲರ್ ಹೆಚ್ಚುವರಿ ವಸೂಲಿ ಮಾಡುವುದಾಗಿ ಪ್ರಕಟಿಸಿತು. ಖಾಸಗಿ ಬದುಕಿನ ಪ್ರಶ್ನೆಗಳನ್ನು ಕೇಳುವ ಆ ನಮೂನೆಯ ವಿರುದ್ಧ ಬೋಧಕರು ಸಂಘಟಿತರಾಗಿ ಪ್ರತಿಭಟಿಸಿದರು, ಪತ್ರಿಕೆಗಳು ಬರೆದವು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯ ಆ ದಂಡವನ್ನು ತಡೆಹಿಡಿಯಬೇಕಾಯಿತು. ವಿಶ್ವವಿದ್ಯಾಲಯದ ನೌಕರರು ಪ್ರಶ್ನೆ ಕೇಳುವುದನ್ನೇ ಕಸುಬಾಗಿ ಉಳ್ಳವರು ಎಂಬುದನ್ನು ಯೋಜನೆ ಮಾಡುವವರು ಮರೆಯುತ್ತಾರೆ. ಜೊತೆಗೆ, ಇಲಿನಾಯ್‌ನ ಅನುಭವ ಹೇಳುವಂತೆ ರಿಯಾಯಿತಿ ಹೆಚ್ಚಾಗಿ ಮೊದಲೇ ಆರೋಗ್ಯವಾಗಿರುವವರ ಕೈ ಸೇರುತ್ತದೆ, ಅದರ ಹೊರೆ ಎರಡು ಪಾಳಿ ದುಡಿಯುವವರ ಮೇಲೆ ಬೀಳುತ್ತದೆ.

ಆ್ಯಪ್ ಕೊಳ್ಳುವ ಮುನ್ನ ಕಂಪನಿಗೆ ನಾಲ್ಕು ಪ್ರಶ್ನೆ ಕೇಳಿ. ಮಾಹಿತಿ ಯಾರ ಒಡೆತನದಲ್ಲಿರುತ್ತದೆ, ಮೂರನೆಯವರಿಗೆ ಮಾರಾಟವಾಗುತ್ತದೆಯೇ? ಕೆಲಸ ಬಿಟ್ಟ ನೌಕರನ ದಾಖಲೆ ಎಷ್ಟು ದಿನದೊಳಗೆ ಅಳಿಸಿಹೋಗುತ್ತದೆ? ಸಾಧಾರಣ ಫೋನಿನಲ್ಲಿ, ನಿಮ್ಮ ಸಿಬ್ಬಂದಿ ಓದುವ ಭಾಷೆಯಲ್ಲಿ ಅದು ಕೆಲಸ ಮಾಡುತ್ತದೆಯೇ? ಬೇರೆ ಸಂಸ್ಥೆಗಳಲ್ಲಿ ಸೇರಿದವರ ಪೈಕಿ ಆರು ತಿಂಗಳ ನಂತರವೂ ಬಳಸುತ್ತಿರುವವರು ಎಷ್ಟು? ನಾಲ್ಕನೆಯದಕ್ಕೆ ಲಿಖಿತ ಉತ್ತರ ಬಾರದಿದ್ದರೆ ಆ ಹಣವನ್ನು ಮೇಲೆ ಹೇಳಿದ ದಾದಿಯ ಸಂಬಳಕ್ಕೆ ತಿರುಗಿಸಿ.

ಇನ್ನು ಅಳತೆ. ಎರಡು ವರ್ಷದಲ್ಲಿ ಹೃದ್ರೋಗ ಕಡಿಮೆಯಾಯಿತೆಂದು ತೋರಿಸಲಾಗದು, ಹಾಗೆ ತೋರಿಸುತ್ತೇವೆಂದು ಮಾತು ಕೊಡಲೂ ಬೇಡಿ. ತೋರಿಸಬಹುದಾದವು ಇವು: ಈವರೆಗೆ ಬಾರದ ಗುಂಪುಗಳಿಂದ ಬಂದವರ ಪ್ರಮಾಣ; ತಪಾಸಣೆಯಲ್ಲಿ ರಕ್ತದೊತ್ತಡ ಹೆಚ್ಚಿದ್ದವರಲ್ಲಿ ವರ್ಷದೊಳಗೆ ಹತೋಟಿಗೆ ಬಂದವರು; 35 ಪ್ರಶ್ನೆಗಳ ಸಮೀಕ್ಷೆಯಲ್ಲಿ ವಿಭಾಗವಾರು ಬದಲಾವಣೆ; ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಯೋಗಕ್ಷೇಮ ಸೂಚಿಯ ಅಂಕ, ಅದು ಶೂನ್ಯದಿಂದ 100ರವರೆಗೆ ಇರುವುದರಿಂದ ಮಂಡಳಿಯ ಸದಸ್ಯರಿಗೆ ವಿವರಿಸುವುದು ಸುಲಭ. ಹತ್ತು ಜನಕ್ಕಿಂತ ಕಡಿಮೆ ಇರುವ ವಿಭಾಗದ ಅಂಕಗಳನ್ನು ಪ್ರತ್ಯೇಕವಾಗಿ ಪ್ರಕಟಿಸದಿರಿ. ಯಾರು ಏನು ಬರೆದರೆಂದು ಊಹಿಸುವುದು ಅಂಥಲ್ಲಿ ಕಷ್ಟವಾಗದು. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲ ವಿಭಾಗಗಳಲ್ಲೂ ಒಮ್ಮೆಗೇ ಆರಂಭಿಸಬೇಡಿ. ಹೇಗೂ ಹಣ ಮತ್ತು ಜನ ಒಟ್ಟಿಗೆ ಸಾಲುವುದಿಲ್ಲವಾದ್ದರಿಂದ, ಅರ್ಧ ವಿಭಾಗಗಳನ್ನು ಚೀಟಿ ಎತ್ತಿ ಮೊದಲ ವರ್ಷಕ್ಕೆ, ಉಳಿದವನ್ನು ಎರಡನೆಯ ವರ್ಷಕ್ಕೆ ಇಟ್ಟರೆ ಯಾರಿಗೂ ಅನ್ಯಾಯವಾಗದೆ ನಿಜವಾದ ಹೋಲಿಕೆ ದೊರೆಯುತ್ತದೆ. ಸಂಖ್ಯಾಶಾಸ್ತ್ರ ವಿಭಾಗದ ಯಾರನ್ನಾದರೂ ಆರಂಭದಲ್ಲೇ ಕರೆದು ಕೂರಿಸಿಕೊಳ್ಳಿ. ಇಂಥ ನೆರವು ಆವರಣದೊಳಗೇ ಸಿಗುವುದು ವಿಶ್ವವಿದ್ಯಾಲಯಕ್ಕಿರುವ ಅನುಕೂಲ, ಅದನ್ನು ಬಳಸಿಕೊಳ್ಳುವವರು ಮಾತ್ರ ಕಡಿಮೆ.

ಹೊಣೆ ಯಾರದೆಂಬುದನ್ನು ಪ್ರಸ್ತಾವದಲ್ಲೇ ಬರೆಯಿರಿ. ಕೆನಡಾದ ಕೆಲೋನಾದಲ್ಲಿ 2015ರಲ್ಲಿ ರೂಪುಗೊಂಡ ಒಕನಾಗನ್ ಸನ್ನದು, ಆರೋಗ್ಯವನ್ನು ವಿಶ್ವವಿದ್ಯಾಲಯದ ಆಡಳಿತ, ದೈನಂದಿನ ಕಾರ್ಯಾಚರಣೆ, ಬೋಧನೆ, ಸಂಶೋಧನೆಗಳೆಲ್ಲದರಲ್ಲೂ ಹೆಣೆಯಬೇಕೆಂದು ಕರೆ ಕೊಟ್ಟಿದೆ. ಅದಕ್ಕೆ ಸಹಿ ಹಾಕಿ ಗೋಡೆಗೆ ತೂಗುಹಾಕುವುದು ಸುಲಭ. ನಿಮಗೆ ಬೇಕಾದದ್ದು ಗಡುವುಗಳನ್ನು ಸರಿಸುವ, ಕಾಮಗಾರಿ ವಿಭಾಗಕ್ಕೆ ಸೂಚನೆ ನೀಡುವ ಅಧಿಕಾರವುಳ್ಳ ಹಿರಿಯ ಅಧಿಕಾರಿಯೊಬ್ಬರ ಹೆಸರು, ಮತ್ತು ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರು, ಅರೆಕಾಲಿಕ ಬೋಧಕರು, ಕಿರಿಯ ಸಂಶೋಧಕರು ಸದಸ್ಯರಾಗಿರುವ ಒಂದು ಸಮಿತಿ. ಸಮಿತಿಯ ಸಭೆ ಅವರ ಪಾಳಿಯ ಹೊತ್ತಿನಲ್ಲೇ ನಡೆಯಲಿ.

ಕೊನೆಯದಾಗಿ ಒಂದು ವ್ಯಾವಹಾರಿಕ ವಿಷಯ. ಹೊರಗುತ್ತಿಗೆಯ ಕರಾರುಗಳು ಯಾವಾಗ ನವೀಕರಣಗೊಳ್ಳುತ್ತವೆಂದು ಈ ವಾರವೇ ವಿಚಾರಿಸಿಕೊಳ್ಳಿ. ಅವುಗಳ ದಿನಾಂಕ ಆಡಳಿತ ಮಂಡಳಿಯ ಸಭೆಗಿಂತ ಮುಂಚೆ ಬೀಳುವುದಾದರೆ, ಪೂರ್ಣ ಪ್ರಸ್ತಾವ ಸಿದ್ಧವಾಗುವವರೆಗೆ ಕಾಯದೆ, ಆರೋಗ್ಯ ಸೌಲಭ್ಯದ ಷರತ್ತೊಂದನ್ನು ಮಾತ್ರ ಪ್ರತ್ಯೇಕ ಟಿಪ್ಪಣಿಯಾಗಿ ಕುಲಸಚಿವರಿಗೆ ಈಗಲೇ ಕಳಿಸಿ.